ನಿನ್ನೆಯವರೆಗೆ ಸರಿಯಿದ್ದ ಕಂಪ್ಯೂಟರ್ ಇಂದೇಕೆ ತೆವಳುತ್ತಿದೆ?

ದಾವಣಗೆರೆಯ ಯಾವ ಬಡಾವಣೆಯಲ್ಲಾದರೂ ಮನೆಯ ಕಂಪ್ಯೂಟರ್ ನಿಧಾನವಾಯಿತೆಂದರೆ ಮೊದಲು ಕೇಳಿಬರುವ ಸಲಹೆಗಳು ಎರಡೇ: ‘ಫಾರ್ಮ್ಯಾಟ್ ಹೊಡೆಸಿ’ (ಡಿಸ್ಕನ್ನು ಅಳಿಸಿ ವಿಂಡೋಸನ್ನು ಹೊಸದಾಗಿ ಹಾಕಿಸಿ) ಎಂಬುದು ಒಂದು, ‘ರ‍್ಯಾಮ್ ಹಾಕಿಸಿ’ (ನಡೆಯುತ್ತಿರುವ ಕೆಲಸದ ಮಾಹಿತಿಯನ್ನು ಹಿಡಿದಿಡುವ ತಾತ್ಕಾಲಿಕ ನೆನಪನ್ನು ಹೆಚ್ಚಿಸಿ) ಎಂಬುದು ಇನ್ನೊಂದು. ಎರಡೂ ಕೆಲವೊಮ್ಮೆ ಫಲ ಕೊಡುತ್ತವೆ, ಅದಕ್ಕಾಗಿಯೇ ಚಾಲ್ತಿಯಲ್ಲಿ ಉಳಿದಿವೆ. ಆದರೆ ಕಾರಣ ತಿಳಿಯದೆ ಫಾರ್ಮ್ಯಾಟ್ ಮಾಡಿಸಿದವರು, ಕೆಡುತ್ತಿರುವ ಹಾರ್ಡ್ ಡಿಸ್ಕಿನ ಮೇಲೆಯೇ ಹೊಸದಾಗಿ ವಿಂಡೋಸ್ ಹಾಕಿಸಿಕೊಂಡು, ಹಳೆಯ ಫೋಟೊಗಳನ್ನೂ ಲೆಕ್ಕಪತ್ರಗಳನ್ನೂ ಕಳೆದುಕೊಂಡು, ಸ್ವಲ್ಪ ಕಾಲದಲ್ಲೇ ಮತ್ತೆ ಅದೇ ಅಂಗಡಿಯ ಮೆಟ್ಟಿಲು ಹತ್ತುವುದು ಅಪರೂಪವೇನಲ್ಲ.

ಕಂಪ್ಯೂಟರ್ ವರ್ಷಗಳ ಕಾಲ ಸ್ವಲ್ಪಸ್ವಲ್ಪವೇ ನಿಧಾನವಾಗುವುದು ಬೇರೆ, ಒಂದು ದಿನ ಇದ್ದಕ್ಕಿದ್ದಂತೆ ನಿಧಾನವಾಗುವುದು ಬೇರೆ. ಮೊದಲನೆಯದರಲ್ಲಿ ಯಂತ್ರ ಇದ್ದಂತೆಯೇ ಇರುತ್ತದೆ. ಅದರ ಮೇಲೆ ನಡೆಯುವ ತಂತ್ರಾಂಶಗಳು ದೊಡ್ಡದಾಗುತ್ತ ಹೋಗುತ್ತವೆ. ಎರಡನೆಯದರಲ್ಲಿ ಏನೋ ಒಂದು ಬದಲಾಗಿರಲೇಬೇಕು: ಒಂದು ಅಪ್‌ಡೇಟ್ ಬಂದಿರಬಹುದು, ಹೊಸ ಪ್ರೋಗ್ರಾಂ ಸೇರಿಕೊಂಡಿರಬಹುದು, ಡಿಸ್ಕ್ ಕೆಡಲು ತೊಡಗಿರಬಹುದು, ಫ್ಯಾನ್ ನಿಂತಿರಬಹುದು, ಲ್ಯಾಪ್‌ಟಾಪಿಗೆ ಬೇರೆ ಚಾರ್ಜರ್ ಸಿಕ್ಕಿಸಿರಬಹುದು. ಆದುದರಿಂದ ಕೇಳಬೇಕಾದ ಮೊದಲ ಪ್ರಶ್ನೆ ಏನನ್ನು ಕೊಳ್ಳಬೇಕು ಎಂಬುದಲ್ಲ. ಕಂಪ್ಯೂಟರಿನ ಯಾವ ಭಾಗ ಉಳಿದ ಭಾಗಗಳು ಕಾಯುತ್ತ ಕೂರುವಂತೆ ಮಾಡುತ್ತಿದೆ ಎಂಬುದು. ಇದನ್ನು ಕಂಡುಕೊಳ್ಳಲು ಬೇಕಾದ ಉಪಕರಣ ವಿಂಡೋಸಿನಲ್ಲಿಯೇ ಇದೆ, ಅದಕ್ಕೆ ಹಣ ಕೊಡಬೇಕಾಗಿಲ್ಲ.

ಅದಕ್ಕೂ ಮುನ್ನ ಎರಡು ಸಣ್ಣ ಪರೀಕ್ಷೆಗಳನ್ನು ಮುಗಿಸಿಕೊಳ್ಳುವುದು ಒಳ್ಳೆಯದು. ನಿಧಾನವಾಗಿರುವುದು ಕಂಪ್ಯೂಟರೋ ಇಂಟರ್‌ನೆಟ್ಟೋ ಎಂಬುದು ಮೊದಲನೆಯದು. ವೈಫೈ ಬಂದ್ ಮಾಡಿ, ಕ್ಯಾಲ್ಕುಲೇಟರನ್ನೋ ನೋಟ್‌ಪ್ಯಾಡನ್ನೋ ಡಿಸ್ಕಿನಲ್ಲಿರುವ ಒಂದು ಫೋಟೊವನ್ನೋ ತೆರೆದು ನೋಡಬೇಕು. ಅವು ಚುರುಕಾಗಿ ತೆರೆದುಕೊಂಡರೆ ತೊಂದರೆ ಇರುವುದು ರೂಟರಿನಲ್ಲಿ ಅಥವಾ ಸಂಪರ್ಕದಲ್ಲಿ. ಅಂಥ ತೊಂದರೆ ಇರುವವರಿಗೆ ಈ ಲೇಖನದ ಉಳಿದ ಭಾಗ ಬೇಕಾಗಲಾರದು. ಎರಡನೆಯದು, ಕಂಪ್ಯೂಟರನ್ನು ‘ರೀಸ್ಟಾರ್ಟ್’ ಮಾಡುವುದು. ಪ್ರತಿ ರಾತ್ರಿ ‘ಶಟ್ ಡೌನ್’ ಮಾಡುತ್ತೇವಲ್ಲ ಎಂದು ಅನೇಕರು ಹೇಳುತ್ತಾರೆ. ಆದರೆ ವಿಂಡೋಸ್ 8 ಮತ್ತು ಅದರ ನಂತರದ ಆವೃತ್ತಿಗಳಲ್ಲಿ ‘ಫಾಸ್ಟ್ ಸ್ಟಾರ್ಟಪ್’ ಎಂಬ ವ್ಯವಸ್ಥೆ ಇದ್ದು, ಶಟ್ ಡೌನ್ ಮಾಡಿದಾಗ ವಿಂಡೋಸಿನ ತಿರುಳು ಪೂರ್ತಿ ಮುಚ್ಚುವುದಿಲ್ಲ. ತನ್ನ ಅಂದಿನ ಸ್ಥಿತಿಯನ್ನು ಡಿಸ್ಕಿಗೆ ಬರೆದಿಟ್ಟು, ಮರುದಿನ ಅಲ್ಲಿಂದಲೇ ಎದ್ದೇಳುತ್ತದೆ. ಅದರಲ್ಲಿ ಏನಾದರೂ ಕೊಳೆ ಸೇರಿದ್ದರೆ ಅದೂ ಜೊತೆಯಲ್ಲೇ ಏಳುತ್ತದೆ. ರೀಸ್ಟಾರ್ಟ್ ಮಾಡಿದಾಗ ಮಾತ್ರ ಎಲ್ಲವೂ ಹೊಸದಾಗಿ ಆರಂಭವಾಗುತ್ತದೆ. ದಿನವೂ ಶಟ್ ಡೌನ್ ಮಾಡುವ ಮನೆಯ ಕಂಪ್ಯೂಟರಿನಲ್ಲಿ ‘ಅಪ್ ಟೈಮ್’ (ಕೊನೆಯ ಸಲ ಹೊಸದಾಗಿ ಆರಂಭವಾದಾಗಿನಿಂದ ಕಳೆದ ಸಮಯ) ಎಂಬ ಲೆಕ್ಕ ವಾರಗಟ್ಟಲೆ ತೋರಿಸುವುದಕ್ಕೆ ಇದೇ ಕಾರಣ.

ಇಷ್ಟರಿಂದ ಸರಿಯಾಗದಿದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಬೇಕು. ‘ಟಾಸ್ಕ್ ಮ್ಯಾನೇಜರ್’ ತೆರೆದುಕೊಳ್ಳುತ್ತದೆ. ಅದರಲ್ಲಿ ಸಿಪಿಯು (ಲೆಕ್ಕ ಮಾಡುವ ಚಿಪ್, ಅಂದರೆ ಪ್ರೊಸೆಸರ್), ಮೆಮೊರಿ (ಅಂದರೆ ರ‍್ಯಾಮ್), ಡಿಸ್ಕ್, ನೆಟ್‌ವರ್ಕ್ ಎಂಬ ಕಾಲಂಗಳಿದ್ದು, ಪ್ರತಿಯೊಂದರ ತಲೆಯ ಮೇಲೂ ಶೇಕಡಾ ಅಂಕಿ ಇರುತ್ತದೆ. ಕಂಪ್ಯೂಟರ್ ಹಚ್ಚಿದ ಮೊದಲ ಹತ್ತು ನಿಮಿಷದ ಅಂಕಿಗಳನ್ನು ನಂಬಬಾರದು, ಆಗ ಎಲ್ಲ ಪ್ರೋಗ್ರಾಂಗಳೂ ಒಮ್ಮೆಲೇ ಏಳುತ್ತಿರುತ್ತವೆ. ಆ ಗದ್ದಲ ಅಡಗಿದ ಮೇಲೆಯೂ ಯಾವ ಕಾಲಂ ತೊಂಬತ್ತು, ನೂರರ ಹತ್ತಿರ ನಿಂತಿರುತ್ತದೆಯೋ ಅಲ್ಲಿಂದ ಹುಡುಕಾಟ ಆರಂಭವಾಗಬೇಕು.

ಹಾರ್ಡ್ ಡಿಸ್ಕ್ ಇರುವ ಹಳೆಯ ಕಂಪ್ಯೂಟರುಗಳಲ್ಲಿ ಬಹುತೇಕ ಸಲ ಆ ಕಾಲಂ ಡಿಸ್ಕಿನದೇ ಆಗಿರುತ್ತದೆ. ಇದನ್ನು ಸ್ವಲ್ಪ ವಿವರವಾಗಿಯೇ ನೋಡಬೇಕು. ಹಾರ್ಡ್ ಡಿಸ್ಕಿನೊಳಗೆ ಲೋಹದ ಲೇಪವಿರುವ ತಟ್ಟೆಗಳು ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುತ್ತಿರುತ್ತವೆ. ಅವುಗಳ ಮೇಲೆ ಒಂದು ತೋಳು ಅತ್ತಿತ್ತ ಚಲಿಸಿ, ಬೇಕಾದ ಜಾಗದ ಮಾಹಿತಿಯನ್ನು ಓದುತ್ತದೆ. ತೋಳು ಸರಿದು, ತಟ್ಟೆ ತಿರುಗಿ, ಬೇಕಾದ ಜಾಗ ಅದರ ಕೆಳಗೆ ಬರಲು ಸರಾಸರಿ ಹತ್ತು ಮಿಲಿಸೆಕೆಂಡಿನ ಆಸುಪಾಸು ಬೇಕು. ಅಂದರೆ ಬೇರೆಬೇರೆ ಜಾಗಗಳಲ್ಲಿ ಚೆದುರಿರುವ ಸಣ್ಣ ಕಡತಗಳನ್ನು ಅದು ಸೆಕೆಂಡಿಗೆ ಸುಮಾರು ನೂರರಷ್ಟು ಮಾತ್ರ ಮುಟ್ಟಬಲ್ಲದು. ತಿರುಗುವ ಭಾಗಗಳೇ ಇಲ್ಲದ ಎಸ್‌ಎಸ್‌ಡಿ ಇದೇ ಕೆಲಸವನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ಮಾಡುತ್ತದೆ. ಮಂಡಿಪೇಟೆಯಲ್ಲಿ ಒಬ್ಬನೇ ಹಮಾಲಿಯನ್ನು ಹತ್ತು ಅಂಗಡಿಯವರು ಹತ್ತು ಗೋದಾಮುಗಳಿಗೆ ಏಕಕಾಲಕ್ಕೆ ಅಟ್ಟಿದರೆ, ಅವನ ಹೊತ್ತೆಲ್ಲ ಚೀಲ ಹೊರುವುದರಲ್ಲಿ ಹೋಗದೆ ಓಡಾಡುವುದರಲ್ಲೇ ಹೋಗುತ್ತದೆ. ಹಾರ್ಡ್ ಡಿಸ್ಕಿನ ತೋಳಿನ ಪಾಡೂ ಅದೇ. ಹೀಗಾಗಿಯೇ ಡಿಸ್ಕ್ ಕಾಲಂ ಶೇ. 100 ತೋರಿಸುತ್ತಿದ್ದರೂ ಪಕ್ಕದಲ್ಲಿ ನಿಜವಾಗಿ ಸಾಗುತ್ತಿರುವ ಮಾಹಿತಿ ಸೆಕೆಂಡಿಗೆ ಒಂದೆರಡು ಎಂಬಿಯಷ್ಟೇ ಇರುವುದುಂಟು.

ಆ ತೋಳನ್ನು ಅಟ್ಟುತ್ತಿರುವವರು ಯಾರು ಎಂಬುದು ಮುಂದಿನ ಪ್ರಶ್ನೆ. ಡಿಸ್ಕ್ ಕಾಲಮ್ಮಿನ ತಲೆಯ ಮೇಲೆ ಒತ್ತಿದರೆ ಹೆಚ್ಚು ಬಳಸುವ ಪ್ರೋಗ್ರಾಂ ಮೇಲೆ ಬಂದು ನಿಲ್ಲುತ್ತದೆ. ‘ವಿಂಡೋಸ್ ಮಾಡ್ಯೂಲ್ಸ್ ಇನ್‌ಸ್ಟಾಲರ್ ವರ್ಕರ್’ ಎಂಬ ಹೆಸರು ಕಂಡರೆ ಅಪ್‌ಡೇಟ್ ನಡೆಯುತ್ತಿದೆ ಎಂದರ್ಥ. ಮೈಕ್ರೋಸಾಫ್ಟ್ ಸಂಸ್ಥೆ ತನ್ನ ಭದ್ರತಾ ಅಪ್‌ಡೇಟುಗಳನ್ನು ಪ್ರತಿ ತಿಂಗಳ ಎರಡನೆಯ ಮಂಗಳವಾರ ಅಮೆರಿಕದ ಬೆಳಗಿನ ಹೊತ್ತಿಗೆ ಬಿಡುಗಡೆ ಮಾಡುತ್ತದೆ, ನಮ್ಮಲ್ಲಿ ಆಗ ರಾತ್ರಿ. ಆದ್ದರಿಂದ ಆ ವಾರದ ಬುಧವಾರ, ಗುರುವಾರ ಹಳೆಯ ಕಂಪ್ಯೂಟರ್ ಮಂಕಾಗುವುದು ಸಹಜ, ಅದನ್ನು ಅರ್ಧ ದಿನ ಹಚ್ಚಿಟ್ಟು ಸುಮ್ಮನೆ ಬಿಟ್ಟರೆ ಸಾಕು. ನಡುವೆ ತಾಳ್ಮೆ ಕೆಟ್ಟು ಸ್ವಿಚ್ ಆರಿಸಿದರೆ ಅದೇ ಕೆಲಸ ಮರುದಿನ ಮತ್ತೆ ಮೊದಲಿನಿಂದ ಶುರುವಾಗಬಹುದು, ಕಡತಗಳು ಕೆಡಲೂಬಹುದು. ಆಂಟಿವೈರಸ್ಸಿನ ಪೂರ್ಣ ತಪಾಸಣೆಗೂ, ಹುಡುಕುವ ಸೌಲಭ್ಯಕ್ಕಾಗಿ ವಿಂಡೋಸ್ ತಯಾರಿಸಿಕೊಳ್ಳುವ ಸೂಚಿಗೂ ಇದೇ ಮಾತು ಅನ್ವಯಿಸುತ್ತದೆ. ಆದರೆ ವಿಂಡೋಸಿನದೇ ಆಂಟಿವೈರಸ್ ಇರುವಾಗ ಹೊರಗಿನ ಎರಡು ಆಂಟಿವೈರಸ್‌ಗಳನ್ನು ತಂದು ಕೂಡಿಸಿದ್ದರೆ, ಪ್ರತಿ ಕಡತವನ್ನೂ ಎರಡೂ ಪರೀಕ್ಷಿಸುತ್ತ ಕೂರುತ್ತವೆ. ಅವುಗಳಲ್ಲಿ ಒಂದನ್ನಾದರೂ ತೆಗೆಯಲೇಬೇಕು.

ಇನ್ನು ಸಿ ಡ್ರೈವ್ ತುಂಬಿರುವ ಸಂಗತಿ. ವಿಂಡೋಸಿಗೆ ತಾತ್ಕಾಲಿಕ ಕಡತಗಳನ್ನು ಬರೆದುಕೊಳ್ಳಲು ಸದಾ ಸ್ವಲ್ಪ ಜಾಗ ಬೇಕು. ಕೆಂಪು ಪಟ್ಟಿ ಕಾಣುವಷ್ಟು ಡ್ರೈವ್ ತುಂಬಿದಾಗ ಅಪ್‌ಡೇಟುಗಳು ಅರ್ಧಕ್ಕೆ ನಿಂತು ಪದೇಪದೇ ಪ್ರಯತ್ನಿಸುತ್ತಿರುತ್ತವೆ, ಎಸ್‌ಎಸ್‌ಡಿಗಳಂತೂ ತುಂಬುತ್ತ ಬಂದಂತೆ ಬರೆಯುವ ವೇಗವನ್ನೇ ಕಳೆದುಕೊಳ್ಳುತ್ತವೆ. ಶೇ. 15ರಷ್ಟಾದರೂ ಜಾಗವನ್ನು ಖಾಲಿ ಬಿಡುವುದು ಕ್ಷೇಮ. ಸೆಟ್ಟಿಂಗ್ಸಿನ ‘ಸ್ಟೋರೇಜ್’ ವಿಭಾಗದಲ್ಲಿ ಯಾವುದು ಎಷ್ಟು ಜಾಗ ಹಿಡಿದಿದೆ ಎಂಬ ಲೆಕ್ಕ ಸಿಗುತ್ತದೆ. ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ದೊಡ್ಡ ಪಾಲು ಡೌನ್‌ಲೋಡ್ಸ್ ಕೋಶದ್ದು ಮತ್ತು ಡೆಸ್ಕ್‌ಟಾಪಿನ ಮೇಲೆ ಸುರಿದಿಟ್ಟ ಮದುವೆಯ ವಿಡಿಯೊಗಳದ್ದು.

ಮೇಲಿನ ಯಾವುದೂ ಇಲ್ಲದೆ, ಪಟ್ಟಿಯ ಮೇಲ್ತುದಿಯಲ್ಲಿ ಹೆಸರಿಸಬಹುದಾದ ಪ್ರೋಗ್ರಾಂ ಕಾಣದೆ, ಡಿಸ್ಕ್ ಮಾತ್ರ ಶೇ. 100ರಲ್ಲಿ ನಿಂತಿದ್ದರೆ ಎಚ್ಚರವಾಗಬೇಕು. ಟಾಸ್ಕ್ ಮ್ಯಾನೇಜರಿನ ‘ಪರ್ಫಾರ್ಮೆನ್ಸ್’ ಪುಟದಲ್ಲಿ ಡಿಸ್ಕನ್ನು ಆರಿಸಿದರೆ ‘ಆವರೇಜ್ ರೆಸ್ಪಾನ್ಸ್ ಟೈಮ್’ ಎಂಬ ಅಂಕಿ ಸಿಗುತ್ತದೆ. ಆರೋಗ್ಯವಾಗಿರುವ ಹಾರ್ಡ್ ಡಿಸ್ಕಿನಲ್ಲಿ ಇದು ಹತ್ತಾರು ಮಿಲಿಸೆಕೆಂಡಿನೊಳಗೆ ಆಡುತ್ತಿರುತ್ತದೆ. ಮತ್ತೆಮತ್ತೆ ಸಾವಿರ ದಾಟುತ್ತಿದ್ದರೆ ಡಿಸ್ಕ್ ಒಂದೇ ಜಾಗವನ್ನು ಓದಲಾಗದೆ ಪುನಃ ಪುನಃ ಯತ್ನಿಸುತ್ತಿದೆ ಎಂದು ತಿಳಿಯಬೇಕು. ವಿಂಡೋಸಿನ ‘ಈವೆಂಟ್ ವ್ಯೂವರ್’ನಲ್ಲಿ ‘ಡಿಸ್ಕ್’ ಎಂಬ ಮೂಲದಿಂದ 7 ಎಂಬ ಸಂಖ್ಯೆಯ ದೋಷ ದಾಖಲಾಗಿದ್ದರೆ ಅದು ಕೆಟ್ಟ ಜಾಗ ಸಿಕ್ಕಿದೆ ಎಂಬ ಸೂಚನೆ; 153 ಎಂಬುದು ಓದುವ ಅಥವಾ ಬರೆಯುವ ಕೆಲಸವನ್ನು ಮರಳಿ ಯತ್ನಿಸಬೇಕಾಯಿತು ಎಂಬ ಸೂಚನೆ. ಡಿಸ್ಕುಗಳು ತಮ್ಮ ಆರೋಗ್ಯದ ಲೆಕ್ಕವನ್ನು ‘ಸ್ಮಾರ್ಟ್’ ಎಂಬ ವ್ಯವಸ್ಥೆಯಲ್ಲಿ ತಾವೇ ಬರೆದಿಡುತ್ತವೆ. ‘ಕ್ರಿಸ್ಟಲ್‌ಡಿಸ್ಕ್‌ಇನ್ಫೊ’ ಎಂಬ ಉಚಿತ ತಂತ್ರಾಂಶ ಅದನ್ನು ಓದಿ ತೋರಿಸುತ್ತದೆ. ಹಾರ್ಡ್ ಡಿಸ್ಕಿನಲ್ಲಿ 05, ಸಿ5, ಸಿ6 ಎಂಬ ಸಾಲುಗಳ ಅಂಕಿಗಳು ಸೊನ್ನೆಯಲ್ಲಿದ್ದರೆ ಒಳ್ಳೆಯದು. ಸೊನ್ನೆಯಿಂದ ಮೇಲೇರಿ ದಿನೇದಿನೇ ಹೆಚ್ಚುತ್ತಿದ್ದರೆ ಡಿಸ್ಕಿನ ಅಂತ್ಯ ಸಮೀಪಿಸುತ್ತಿದೆ. ಸಿ7 ಸಾಲೊಂದೇ ಏರುತ್ತಿದ್ದರೆ ಮಾತ್ರ ನೆಮ್ಮದಿ ಪಡಬಹುದು, ಏಕೆಂದರೆ ಅದು ಹೆಚ್ಚಿನ ಸಲ ಡಿಸ್ಕಿನ ದೋಷವಲ್ಲ, ಕೇಬಲ್ಲಿನ ದೋಷ. ಕೇಬಲ್ಲನ್ನು ಬಿಚ್ಚಿ ಗಟ್ಟಿಯಾಗಿ ಸಿಕ್ಕಿಸಿದರೆ, ಇಲ್ಲವೇ ಬದಲಿಸಿದರೆ ಮುಗಿಯಿತು.

ಡಿಸ್ಕ್ ಕೆಡುತ್ತಿದೆ ಎಂಬ ಅನುಮಾನ ಬಂದ ಕ್ಷಣದಿಂದ ಕೆಲಸದ ಕ್ರಮವೇ ಬದಲಾಗಬೇಕು. ಇದನ್ನು ನಾನು ಒತ್ತಿ ಹೇಳಲು ಬಯಸುತ್ತೇನೆ. ವೇಗದ ಚಿಂತೆಯನ್ನು ಬಿಟ್ಟು, ಮೊದಲು ಬೇಕಾದ ಕಡತಗಳನ್ನು ಹೊರಗಿನ ಡಿಸ್ಕಿಗೋ ಪೆನ್‌ಡ್ರೈವಿಗೋ ಪ್ರತಿ ಮಾಡಿಕೊಳ್ಳಬೇಕು. ಅದರಲ್ಲಿಯೂ ಮರಳಿ ಸಿಗದವು ಮೊದಲು: ಫೋಟೊಗಳು, ಲೆಕ್ಕದ ಟ್ಯಾಲಿ ಕಡತಗಳು, ವಿದ್ಯಾರ್ಥಿಗಳ ಪ್ರಾಜೆಕ್ಟ್ ವರದಿಗಳು. ಸಿನಿಮಾಗಳು ಕೊನೆಗೆ. ಅದಕ್ಕೆ ಮುನ್ನ ‘ಚೆಕ್ ಡಿಸ್ಕ್’ ಓಡಿಸುವುದಾಗಲಿ, ಡಿಫ್ರಾಗ್ (ಚೆದುರಿದ ಕಡತದ ತುಣುಕುಗಳನ್ನು ಒಂದೆಡೆ ಸೇರಿಸುವುದು) ಮಾಡುವುದಾಗಲಿ, ಫಾರ್ಮ್ಯಾಟ್ ಮಾಡುವುದಾಗಲಿ ಸಲ್ಲದು. ಚೆಕ್ ಡಿಸ್ಕ್ ಕಡತ ವ್ಯವಸ್ಥೆಯನ್ನು ಸರಿಪಡಿಸಲು ಹುಟ್ಟಿದ್ದೇ ಹೊರತು ನಿಮ್ಮ ಫೋಟೊಗಳನ್ನು ಉಳಿಸಲು ಅಲ್ಲ. ಕುಸಿಯುತ್ತಿರುವ ಡಿಸ್ಕನ್ನು ಅದು ಗಂಟೆಗಟ್ಟಲೆ ಕೆದಕುವುದರಿಂದ ಉಳಿದಿದ್ದೂ ಹೋಗಬಹುದು. ಟಕ್ ಟಕ್ ಎಂಬ ಸದ್ದು ಬರುತ್ತಿದ್ದರೆ, ಕಡತಗಳು ನಿಜಕ್ಕೂ ಅಮೂಲ್ಯವಾಗಿದ್ದರೆ, ಕಂಪ್ಯೂಟರನ್ನು ಆರಿಸಿ ಮಾಹಿತಿ ಮರುಪಡೆಯುವ ತಜ್ಞರ ಬಳಿಗೆ ಒಯ್ಯುವುದೇ ಸರಿ. ಓಡುತ್ತಿರುವ ಹಾರ್ಡ್ ಡಿಸ್ಕಿಗೆ ಏಕಾಏಕಿ ಕರೆಂಟ್ ಹೋಗುವುದು ಒಳ್ಳೆಯದಲ್ಲ. ಬರೆಯುತ್ತಿದ್ದ ಕಡತ ಅರ್ಧಕ್ಕೆ ನಿಲ್ಲುತ್ತದೆ. ಮಳೆಗಾಲದ ಮೊದಲ ಗಾಳಿಗೆ ಕರೆಂಟ್ ಹೋಗಿಬರುವ ಬಡಾವಣೆಗಳಲ್ಲಿ ಡೆಸ್ಕ್‌ಟಾಪಿಗೆ ಯುಪಿಎಸ್ ಇರುವುದು, ಅದರ ಬ್ಯಾಟರಿ ಸತ್ತಿಲ್ಲವೆಂದು ಆಗಾಗ ನೋಡಿಕೊಳ್ಳುವುದು ಅಗತ್ಯ.

ಮೆಮೊರಿಯ ಕಥೆ ಇದಕ್ಕಿಂತ ಚಿಕ್ಕದು. ರ‍್ಯಾಮ್ ತುಂಬಿದಾಗ ವಿಂಡೋಸ್ ಅದರಲ್ಲಿರುವ ಸ್ವಲ್ಪ ಭಾಗವನ್ನು ಡಿಸ್ಕಿನ ಮೇಲಿನ ‘ಪೇಜ್ ಫೈಲ್’ಗೆ ಸರಿಸುತ್ತದೆ, ಡಿಸ್ಕ್ ಹಾರ್ಡ್ ಡಿಸ್ಕಾಗಿದ್ದರೆ ಅಲ್ಲಿಂದ ಮುಂದಿನದೆಲ್ಲ ತೆವಳಾಟವೇ. 4 ಜಿಬಿ ರ‍್ಯಾಮ್ ಇರುವ ಕಂಪ್ಯೂಟರಿನಲ್ಲಿ ಇಂದಿನ ಬ್ರೌಸರಿನ ಹತ್ತು ಹದಿನೈದು ಟ್ಯಾಬುಗಳು ಇದಕ್ಕೆ ಸಾಕು. ಆದರೆ ಹಠಾತ್ತಾಗಿ ನಿಧಾನವಾದ ಕಂಪ್ಯೂಟರಿನಲ್ಲಿ ನೋಡಬೇಕಾದ ಇನ್ನೊಂದು ಸಂಗತಿಯಿದೆ: ಪರ್ಫಾರ್ಮೆನ್ಸ್ ಪುಟದ ಮೆಮೊರಿ ವಿಭಾಗದಲ್ಲಿ ಒಟ್ಟು ಎಷ್ಟು ಜಿಬಿ ಎಂದು ಬರೆದಿದೆ? 8 ಜಿಬಿ ಇರಬೇಕಾದಲ್ಲಿ 4 ಎಂದಿದ್ದರೆ, ಎರಡು ರ‍್ಯಾಮ್ ಪಟ್ಟಿಗಳಲ್ಲಿ ಒಂದರ ಸಂಪರ್ಕ ತಪ್ಪಿದೆ. ಕಂಪ್ಯೂಟರ್ ಆರಿಸಿ, ವೈರ್ ಕಿತ್ತು, ಆ ಪಟ್ಟಿಯನ್ನು ತೆಗೆದು, ಅದರ ಹೊಂಬಣ್ಣದ ಅಂಚನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಹಗುರವಾಗಿ ಒರೆಸಿ, ಪುಡಿಯನ್ನು ಊದಿ, ಮತ್ತೆ ಗಟ್ಟಿಯಾಗಿ ಕೂರಿಸುವ ನಮ್ಮೂರ ಮೆಕ್ಯಾನಿಕ್‌ಗಳ ಹಳೆಯ ಉಪಾಯ ಇಂದಿಗೂ ಕೆಲಸ ಮಾಡುತ್ತದೆ.

ಸಿಪಿಯು ಕಾಲಂ ಏರಿದ್ದರೆ ಕಾರಣ ಸಾಮಾನ್ಯವಾಗಿ ಹೆಸರಿನೊಂದಿಗೇ ಸಿಗುತ್ತದೆ. ಬ್ರೌಸರ್ ಆಗಿದ್ದರೆ ಅದಕ್ಕೆ ಸೇರಿಕೊಂಡಿರುವ ಎಕ್ಸ್‌ಟೆನ್ಶನ್‌ಗಳನ್ನೆಲ್ಲ ಒಮ್ಮೆ ಆರಿಸಿ ನೋಡಬೇಕು. ಅಪರಿಚಿತ ಹೆಸರಿನ ಪ್ರೋಗ್ರಾಂ, ಕಂಪ್ಯೂಟರನ್ನು ಯಾರೂ ಮುಟ್ಟದಿರುವಾಗಲೂ ಸಿಪಿಯುವನ್ನು ತಿನ್ನುತ್ತಿದ್ದರೆ, ಬೇರೆಯವರಿಗಾಗಿ ಕ್ರಿಪ್ಟೊ ನಾಣ್ಯ ದುಡಿಯುವ ಕಳ್ಳ ತಂತ್ರಾಂಶವಿರುವ ಸಾಧ್ಯತೆಯೂ ಇದೆ. ಉಚಿತವೆಂದು ಇಳಿಸಿಕೊಂಡ ‘ಕ್ರ್ಯಾಕ್’ ಮಾಡಿದ ಆಟಗಳ ಮತ್ತು ವಿನ್ಯಾಸದ ತಂತ್ರಾಂಶಗಳ ಜೊತೆಗೆ ಇಂಥವು ಬರುತ್ತವೆ. ವಿಂಡೋಸ್ ಸೆಕ್ಯುರಿಟಿಯಲ್ಲಿರುವ ‘ಆಫ್‌ಲೈನ್ ಸ್ಕ್ಯಾನ್’, ವಿಂಡೋಸ್ ಏಳುವ ಮೊದಲೇ ತಪಾಸಣೆ ನಡೆಸುವುದರಿಂದ, ಇವನ್ನು ಹಿಡಿಯಲು ಉಪಯುಕ್ತ.

ಹೆಚ್ಚು ಜನ ಗಮನಿಸದ ಸ್ಥಿತಿಯೊಂದಿದೆ: ಸಿಪಿಯುವಿನ ಶೇಕಡಾ ಅಂಕಿ ಏರಿದೆ, ಆದರೆ ಅದರ ವೇಗ ಬಿದ್ದಿದೆ. ಪರ್ಫಾರ್ಮೆನ್ಸ್ ಪುಟದಲ್ಲಿ ‘ಬೇಸ್ ಸ್ಪೀಡ್’ 2.4 ಗಿಗಾಹರ್ಟ್ಸ್ ಎಂದಿದ್ದು, ಕೆಲಸದ ನಡುವೆಯೂ ‘ಸ್ಪೀಡ್’ 0.4 ಅಥವಾ 0.8ರಲ್ಲಿ ಅಂಟಿಕೊಂಡಿದ್ದರೆ ಪ್ರೊಸೆಸರ್ ತನ್ನನ್ನು ತಾನೇ ಕಟ್ಟಿಹಾಕಿಕೊಂಡಿದೆ. ಒಂದು ಕಾರಣ ಬಿಸಿ. ಇಂದಿನ ಅನೇಕ ಪ್ರೊಸೆಸರ್‌ಗಳು 100 ಡಿಗ್ರಿ ಸೆಲ್ಸಿಯಸ್ ಸಮೀಪಿಸಿದೊಡನೆ, ಸುಟ್ಟುಹೋಗದಂತೆ ವೇಗವನ್ನು ಇಳಿಸಿಕೊಳ್ಳುತ್ತವೆ. ಏಪ್ರಿಲ್, ಮೇ ತಿಂಗಳಲ್ಲಿ ದಾವಣಗೆರೆ, ಚಿತ್ರದುರ್ಗಗಳ ಹಗಲು 40 ಡಿಗ್ರಿಯ ಹತ್ತಿರ ಸುಳಿಯುವಾಗ, ಆರ್‌ಸಿಸಿ ಮನೆಯ ಮೇಲಂತಸ್ತಿನ ಕೋಣೆಯಲ್ಲಿ ಫ್ಯಾನ್ ಎಳೆದುಕೊಳ್ಳುವ ಗಾಳಿಯೇ ಬಿಸಿಯಾಗಿರುತ್ತದೆ. ಇದರ ಮೇಲೆ ದೂಳು. ಒಂದು ಕಾಲಕ್ಕೆ ಹತ್ತಿ ಗಿರಣಿಗಳಿಂದ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡ ಊರಿನಲ್ಲಿ ಈಗ ಆ ನೂಲಿನ ಎಳೆಗಳು ಕಡಿಮೆಯಾಗಿರಬಹುದು, ಆದರೆ ಅಕ್ಕಿ ಗಿರಣಿಗಳ ಹೊಟ್ಟು, ಮೆಕ್ಕೆಜೋಳದ ಸುಗ್ಗಿಯ ದೂಳು, ಮಂಡಕ್ಕಿ ಭಟ್ಟಿಗಳ ಮಸಿ, ಅಗೆದ ರಸ್ತೆಗಳ ಮಣ್ಣು ಇದ್ದೇ ಇವೆ. ಇವೆಲ್ಲ ಪ್ರೊಸೆಸರ್ ಮೇಲಿನ ಲೋಹದ ರೆಕ್ಕೆಗಳ ನಡುವೆ ಕಂಬಳಿಯಂತೆ ಹೆಪ್ಪುಗಟ್ಟುತ್ತವೆ. ಫ್ಯಾನ್ ಜೋರಾಗಿ ಬೊಬ್ಬಿಡುತ್ತಿದ್ದು ಹೊರಬರುವ ಗಾಳಿ ಮಾತ್ರ ತೆಳ್ಳಗಿದ್ದರೆ ಆಗಿರುವುದು ಇದೇ. ಈ ದೂಳನ್ನು ಊದಿ ತೆಗೆಯಲು ಬ್ಲೋಯರ್ ಹಿಡಿಯುವಾಗ ಫ್ಯಾನಿನ ರೆಕ್ಕೆ ತಿರುಗದಂತೆ ಒಂದು ಕಡ್ಡಿಯಿಂದ ತಡೆಯಬೇಕು. ಹಲವು ವರ್ಷ ಹಳೆಯ ಯಂತ್ರವಾದರೆ ಪ್ರೊಸೆಸರ್ ಮತ್ತು ಲೋಹದ ನಡುವಿನ ಒಣಗಿದ ಪೇಸ್ಟನ್ನು ಒರೆಸಿ ಹೊಸದನ್ನು ಹಚ್ಚಿಸುವುದೂ ಆಗಬೇಕು. ಹಾಸಿಗೆಯ ಮೇಲೆ ಇಟ್ಟುಕೊಂಡ ಲ್ಯಾಪ್‌ಟಾಪಿನ ಗಾಳಿಕಿಂಡಿ ಮುಚ್ಚಿಹೋಗುವುದನ್ನು ಹೇಳಬೇಕಾಗಿಲ್ಲ.

ಇನ್ನೊಂದು ಕಾರಣ ಚಾರ್ಜರ್. ಕೆಲವು ಲ್ಯಾಪ್‌ಟಾಪ್‌ಗಳು ತಮಗೆ ಬೇಕಾದಷ್ಟು ವ್ಯಾಟ್ ಇಲ್ಲದ ಚಾರ್ಜರ್ ಸಿಕ್ಕಿಸಿದಾಗ, ಅಥವಾ ಚಾರ್ಜರನ್ನು ಗುರುತಿಸುವ ಪಿನ್ ಕೆಟ್ಟಾಗ, ಅಥವಾ ಬ್ಯಾಟರಿ ಸತ್ತಾಗ, ಪ್ರೊಸೆಸರನ್ನು ಅತ್ಯಂತ ಕಡಿಮೆ ವೇಗಕ್ಕೆ ಬಿಗಿದುಬಿಡುತ್ತವೆ. ನಿನ್ನೆ ಹಳೆಯ ಚಾರ್ಜರ್ ಕೆಟ್ಟು, ಪೇಟೆಯಿಂದ ಅಗ್ಗದ ಬದಲಿ ತಂದು, ಇಂದು ಲ್ಯಾಪ್‌ಟಾಪ್ ನಿಧಾನವಾಗಿದ್ದರೆ ಫಾರ್ಮ್ಯಾಟ್ ಮಾಡಿಸಿ ಏನೂ ಪ್ರಯೋಜನವಿಲ್ಲ. ಚಾರ್ಜರ್ ಕಿತ್ತು ಬರೀ ಬ್ಯಾಟರಿಯ ಮೇಲೆ ಓಡಿಸಿದಾಗ ವೇಗ ಮರಳಿದರೆ ಕಾರಣ ಸಾಬೀತಾದಂತೆಯೇ.

ಎಲ್ಲ ಕಾಲಂಗಳೂ ಶಾಂತವಾಗಿದ್ದು ಕಂಪ್ಯೂಟರ್ ಮಾತ್ರ ನಿಧಾನವಾಗಿದ್ದರೆ, ದಿನಾಂಕದ ಜಾಡು ಹಿಡಿಯಬೇಕು. ಸ್ಟಾರ್ಟ್ ಮೆನುವಿನಲ್ಲಿ ‘ರಿಲಯಬಿಲಿಟಿ’ ಎಂದು ಟೈಪ್ ಮಾಡಿದರೆ ತೆರೆದುಕೊಳ್ಳುವ ಪುಟ, ಯಾವ ದಿನ ಯಾವ ಅಪ್‌ಡೇಟ್ ಬಂತು, ಯಾವ ಪ್ರೋಗ್ರಾಂ ಸೇರಿತು, ಯಾವುದು ಕುಸಿದುಬಿತ್ತು ಎಂಬುದನ್ನು ದಿನವಾರು ಪಟ್ಟಿಯಲ್ಲಿ ತೋರಿಸುತ್ತದೆ. ತೊಂದರೆ ಶುರುವಾದ ದಿನದ ಮೇಲೆ ಒತ್ತಿ, ಅಂದು ಸೇರಿದ್ದನ್ನು ತೆಗೆದು ನೋಡಬಹುದು. ನನ್ನ ಮಟ್ಟಿಗೆ ವಿಂಡೋಸಿನಲ್ಲಿ ಇಷ್ಟು ಉಪಯುಕ್ತವಾಗಿಯೂ ಇಷ್ಟು ಅಜ್ಞಾತವಾಗಿಯೂ ಇರುವ ಇನ್ನೊಂದು ಪುಟವಿಲ್ಲ. ಅತ್ಯಗತ್ಯ ತಂತ್ರಾಂಶಗಳೊಂದಿಗೆ ಮಾತ್ರ ವಿಂಡೋಸ್ ಏಳುವ ‘ಸೇಫ್ ಮೋಡ್’ನಲ್ಲಿ ಕಂಪ್ಯೂಟರ್ ಚುರುಕಾಗಿದ್ದು ಸಾಮಾನ್ಯ ಸ್ಥಿತಿಯಲ್ಲಿ ನಿಧಾನವಾಗಿದ್ದರೆ, ದೋಷ ಯಾವುದೋ ಪ್ರೋಗ್ರಾಮಿನದು ಅಥವಾ ಯಂತ್ರದ ಭಾಗಗಳನ್ನು ನಡೆಸುವ ಡ್ರೈವರ್ ಎಂಬ ತಂತ್ರಾಂಶದ್ದು; ಎರಡರಲ್ಲಿಯೂ ನಿಧಾನವಾಗಿದ್ದರೆ ಯಂತ್ರದ ಭಾಗವೊಂದರ ಮೇಲೆ ಅನುಮಾನ ಬಲಗೊಳ್ಳುತ್ತದೆ.

ಈ ಹುಡುಕಾಟದ ನಡುವೆ ದಾರಿ ತಪ್ಪಿಸುವವರೂ ಇದ್ದಾರೆ. ‘ಒಂದೇ ಕ್ಲಿಕ್ಕಿನಲ್ಲಿ ವೇಗ ಹೆಚ್ಚಿಸುತ್ತೇವೆ’ ಎನ್ನುವ ಬೂಸ್ಟರ್‌ಗಳೂ, ವಿಂಡೋಸಿನ ಸೆಟ್ಟಿಂಗ್‌ಗಳ ದಾಖಲೆಯಾದ ರಿಜಿಸ್ಟ್ರಿಯನ್ನು ಶುಚಿಗೊಳಿಸುತ್ತೇವೆ ಎನ್ನುವ ರಿಜಿಸ್ಟ್ರಿ ಕ್ಲೀನರ್‌ಗಳೂ ತಾವೇ ಹಿನ್ನೆಲೆಯಲ್ಲಿ ಓಡುತ್ತ ಇನ್ನಷ್ಟು ಭಾರವಾಗುತ್ತವೆ. ರಿಜಿಸ್ಟ್ರಿ ಕ್ಲೀನರ್‌ಗಳ ಬಳಕೆಗೆ ಮೈಕ್ರೋಸಾಫ್ಟ್ ಬೆಂಬಲ ನೀಡುವುದಿಲ್ಲ. ನಿಮ್ಮ ಕಂಪ್ಯೂಟರಿಗೆ ವೈರಸ್ ಬಂದಿದೆ, ಈ ಸಂಖ್ಯೆಗೆ ಕರೆ ಮಾಡಿ ಎಂದು ಬ್ರೌಸರಿನಲ್ಲಿ ಅಬ್ಬರಿಸುವ ಪುಟ ಪೂರ್ತಿ ಮೋಸ. ಕರೆ ಮಾಡಿದರೆ ದೂರದಿಂದ ನಿಯಂತ್ರಿಸುವ ಆ್ಯಪ್ ಹಾಕಿಸುತ್ತಾರೆ, ಆಮೇಲೆ ಬ್ಯಾಂಕಿನ ಖಾತೆಯನ್ನು ತೆರೆಸುತ್ತಾರೆ. ಹಾಗೆ ಹಣ ಹೋಗಿದ್ದರೆ ತಡಮಾಡದೆ 1930 ಎಂಬ ರಾಷ್ಟ್ರೀಯ ಸಹಾಯವಾಣಿಗೆ ಕರೆ ಮಾಡಬೇಕು. ಬೇಗ ತಿಳಿಸಿದಷ್ಟೂ ಹಣವನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಕೊನೆಗೆ ಭಾಗ ಬದಲಿಸಲೇಬೇಕಾದರೆ, ಹಾರ್ಡ್ ಡಿಸ್ಕಿರುವ ಕಂಪ್ಯೂಟರಿಗೆ ಮೊದಲು ಎಸ್‌ಎಸ್‌ಡಿ, ನಂತರ ರ‍್ಯಾಮ್ ಎಂಬುದು ನನ್ನ ಅಭಿಪ್ರಾಯ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ರ‍್ಯಾಮ್, 64 ಜಿಬಿ ಜಾಗ ಮಾತ್ರವಲ್ಲದೆ ಟಿಪಿಎಂ 2.0 ಎಂಬ ಭದ್ರತಾ ಭಾಗವೂ, ಆ ವಿಂಡೋಸ್ ಒಪ್ಪುವ ಪ್ರೊಸೆಸರೂ ಇರಬೇಕು. ಇವಿಲ್ಲದ ಹಳೆಯ ಯಂತ್ರಕ್ಕೆ ಎಸ್‌ಎಸ್‌ಡಿ ಹಾಕಿಸುವ ಮುನ್ನ, ಅದರಲ್ಲಿ ಮುಂದೆ ವಿಂಡೋಸಿಗೆ ಬದಲಾಗಿ ಲಿನಕ್ಸ್ ಎಂಬ ಉಚಿತ ವ್ಯವಸ್ಥೆಯನ್ನು ಓಡಿಸಲು ಮನೆಯವರು ಸಿದ್ಧರಿದ್ದಾರೆಯೇ ಎಂದು ಕೇಳಿಕೊಳ್ಳುವುದು ಒಳ್ಳೆಯದು. ಅಂಗಡಿಗೆ ಒಯ್ಯುವಾಗ ‘ಸ್ಲೋ ಆಗಿದೆ’ ಎಂದಷ್ಟೇ ಹೇಳದೆ, ಯಾವ ದಿನದಿಂದ, ಯಾವ ಕಾಲಂ ಎಷ್ಟರಲ್ಲಿ ನಿಂತಿತ್ತು, ಸ್ಮಾರ್ಟ್ ಏನು ತೋರಿಸಿತು ಎಂಬುದನ್ನು ಫೋನಿನಲ್ಲಿ ಫೋಟೊ ಹಿಡಿದು ತೋರಿಸಿದರೆ, ಅನಗತ್ಯ ಫಾರ್ಮ್ಯಾಟ್ ತಪ್ಪುತ್ತದೆ. ಬದಲಿಸಿದ ಹಳೆಯ ಡಿಸ್ಕನ್ನು ಕೇಳಿ ವಾಪಸ್ಸು ಪಡೆಯಬೇಕು. ವಿಂಡೋಸಿಗೆ ಅದು ನಿರುಪಯುಕ್ತವಾಗಿದ್ದರೂ, ಅದರೊಳಗಿನ ಆಧಾರ್ ಪ್ರತಿ, ಪಹಣಿ, ಬ್ಯಾಂಕ್ ಪಾಸ್‌ಬುಕ್ಕಿನ ಸ್ಕ್ಯಾನ್‌ಗಳು, ಅಳಿಸಿದ ಕಡತಗಳೂ ಸೇರಿದಂತೆ, ಗೊತ್ತಿರುವವರ ಕೈಗೆ ಸಿಕ್ಕಿದರೆ ಇನ್ನೂ ಓದಲು ಬರುತ್ತವೆ.